ಅಮೆರಿಕದ ಸುದ್ದಿ ನಂಬುವ ಮುಂಚೆ: ವಾಲಿದ್ದು ಯಾವುದು, ಸುಳ್ಳು ಯಾವುದು

2025ರ ಸೆಪ್ಟೆಂಬರ್ 19, ಶುಕ್ರವಾರ. ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಎನ್ನುವ ಘೋಷಣೆಗೆ ಟ್ರಂಪ್ ಸಹಿ ಹಾಕಿದರು. ಜೊತೆಗಿದ್ದ ವಾಣಿಜ್ಯ ಸಚಿವ ಹೋವರ್ಡ್ ಲಟ್ನಿಕ್, ಇದನ್ನು ವರ್ಷವರ್ಷವೂ ಕಟ್ಟಬೇಕು ಎಂಬಂತೆ ಮಾತಾಡಿದರು. ಬೆಂಗಳೂರಿನಲ್ಲಿ ಬೆಳಗಾಗುವಷ್ಟರಲ್ಲಿ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಗಾಬರಿಯೋ ಗಾಬರಿ. ರಜೆಗೆ ಊರಿಗೆ ಬಂದವರು ಭಾನುವಾರದೊಳಗೆ ವಾಪಸ್ ಸೇರಬೇಕಂತೆ, ಇಲ್ಲದಿದ್ದರೆ ಒಳಗೆ ಬಿಡಲ್ವಂತೆ! ದೊಡ್ಡ ಕಂಪನಿಗಳೇ ತಮ್ಮ ನೌಕರರಿಗೆ ಬೇಗ ಬನ್ನಿ ಎಂದು ಮೇಲ್ ಕಳಿಸಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಮಾನ ಹತ್ತಿ ಕೂತಿದ್ದ ಕೆಲವರು ಇಳಿದೇ ಹೋದರು.

ಮಾರನೇ ದಿನ ಶ್ವೇತಭವನದ ವಕ್ತಾರೆ ಕ್ಯಾರೊಲೈನ್ ಲೆವಿಟ್ ಸ್ಪಷ್ಟನೆ ಕೊಟ್ಟರು. ಇದು ವಾರ್ಷಿಕ ಶುಲ್ಕ ಅಲ್ಲ, ಒಂದೇ ಸಲ ಕಟ್ಟುವಂಥದ್ದು. ಹೊಸ ಅರ್ಜಿಗಳಿಗೆ ಮಾತ್ರ. ಈಗಾಗಲೇ ವೀಸಾ ಇರುವವರು ಹೋಗಿಬರಬಹುದು.

ಇಲ್ಲಿ ಗಮನಿಸಬೇಕಾದ್ದು, ಯಾವ ಚಾನೆಲ್ಲೂ ಸುಳ್ಳು ಹೇಳಿರಲಿಲ್ಲ. ಸಚಿವರು ಹೇಳಿದ್ದನ್ನೇ ಹೇಳಿದ್ದರು. ಘೋಷಣೆಯ ಪಠ್ಯ ತೆಗೆದು ಓದಿದವರಿಗೆ 'ವರ್ಷವರ್ಷವೂ' ಎಂಬ ಮಾತು ಅಲ್ಲಿ ಇಲ್ಲವೆನ್ನುವುದು ಆಗಲೇ ಕಾಣುತ್ತಿತ್ತು. ಆದರೆ ದೇಶದ ಹೊರಗೆ ಇರುವವರ ಪ್ರವೇಶದ ಬಗ್ಗೆ ಬರೆದಿದ್ದ ಸಾಲು ಗೊಂದಲವಾಗೇ ಇತ್ತು. ಹಾಗಾಗಿ ಹೆದರಿ ಟಿಕೆಟ್ ಮಾಡಿಸಿದವರನ್ನು ದಡ್ಡರು ಎನ್ನುವ ಹಾಗಿಲ್ಲ.

ಅಮೆರಿಕದ ಸುದ್ದಿ ನಮ್ಮ ಮನೆಯ ಸುದ್ದಿಯೂ ಆಗಿರುವುದರಿಂದ ಅದನ್ನು ಓದುವ ಕ್ರಮ ಗೊತ್ತಿರಬೇಕು. ತುಂಬಾ ಜನ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಯಾವ ಚಾನೆಲ್ ನಂಬಬಹುದು?" ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ವಾಲುವುದು ಬೇರೆ, ಸುಳ್ಳು ಹೇಳುವುದು ಬೇರೆ. ಅಂಗಡಿಯ ತಕ್ಕಡಿ ಕಾಲು ಕೆಜಿ ಜಾಸ್ತಿ ತೋರಿಸುತ್ತದೆ ಅಂತ ಗೊತ್ತಿದ್ದರೆ ಅಷ್ಟನ್ನು ಕಳೆದು ಲೆಕ್ಕ ಹಾಕಿಕೊಳ್ಳಬಹುದು. ವಾಲಿದ ಪತ್ರಿಕೆಯ ಜೊತೆ ಹಾಗೆ ಬಾಳಬಹುದು. ಸುಳ್ಳಿನ ಜೊತೆ ಆಗುವುದಿಲ್ಲ. ಬಲಕ್ಕೆ ವಾಲಿದ ಪತ್ರಿಕೆ ನಿಜ ಸುದ್ದಿ ತಂದದ್ದುಂಟು. ಹೆಸರಾಂತ ಸಂಸ್ಥೆಗಳು ಎಡವಿ ಬಿದ್ದದ್ದೂ ಉಂಟು. ಆದ್ದರಿಂದ ಪರೀಕ್ಷೆ ಮಾಡಬೇಕಾದ್ದು ಚಾನೆಲ್ಲನ್ನಲ್ಲ, ಆ ಒಂದು ಸುದ್ದಿಯನ್ನು.

ಮೊದಲು ಸ್ವಲ್ಪ ಹಿನ್ನೆಲೆ

ಅಮೆರಿಕದಲ್ಲಿ 1949ರಿಂದ 'ಫೇರ್‌ನೆಸ್ ಡಾಕ್ಟ್ರಿನ್' ಅಂತ ಒಂದು ನಿಯಮ ಇತ್ತು. ರೇಡಿಯೊ, ಟೀವಿ ಕೇಂದ್ರಗಳು ವಿವಾದದ ವಿಷಯ ಬಂದಾಗ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕಿತ್ತು. 1987ರಲ್ಲಿ ಅದನ್ನು ತೆಗೆದುಹಾಕಿದರು. ಅದಾದ ಮೇಲೆ ಒಂದೇ ಕಡೆ ಮಾತಾಡುವ ರೇಡಿಯೊ ಕಾರ್ಯಕ್ರಮಗಳು ಹುಲುಸಾಗಿ ಬೆಳೆದವು. "ಆ ನಿಯಮ ಇದ್ದಿದ್ದರೆ ಫಾಕ್ಸ್ ನ್ಯೂಸ್ ಹುಟ್ಟುತ್ತಲೇ ಇರಲಿಲ್ಲ" ಅಂತ ಪದೇ ಪದೇ ಕೇಳಿಬರುತ್ತದೆ. ಇದೂ ಒಂದು ಅರ್ಧಂಬರ್ಧ ಸತ್ಯ. ಆ ನಿಯಮ ಇದ್ದದ್ದು ಗಾಳಿಯ ಅಲೆಗಳನ್ನು ಬಳಸುವ ಕೇಂದ್ರಗಳಿಗೆ. ಫಾಕ್ಸ್, ಸಿಎನ್ಎನ್ ಕೇಬಲ್‌ನಲ್ಲಿ ಬರುವಂಥವು. ತಪ್ಪು ಸುದ್ದಿಯನ್ನು ಬೈಯುವವರೇ ಒಂದು ತಪ್ಪು ಸುದ್ದಿ ಹಂಚುತ್ತಿರುತ್ತಾರೆ, ತಮಾಷೆ ಅಲ್ವಾ?

ಸಿಎನ್ಎನ್ ಶುರುವಾದದ್ದು 1980ರಲ್ಲಿ. ಎಂಎಸ್ಎನ್‌ಬಿಸಿ ಮತ್ತು ಫಾಕ್ಸ್ ಎರಡೂ 1996ರಲ್ಲಿ. ಫಾಕ್ಸ್ ರಿಪಬ್ಲಿಕನ್ನರ ಮನೆಗಳನ್ನು ಹಿಡಿದುಕೊಂಡಿತು, ಎಂಎಸ್ಎನ್‌ಬಿಸಿ ನಿಧಾನವಾಗಿ ಡೆಮಾಕ್ರಟರ ಕಡೆ ಹೋಯಿತು (2025ರ ನವೆಂಬರ್‌ನಿಂದ ಅದರ ಹೆಸರು ಎಂಎಸ್ ನೌ). ಜನರ ನಂಬಿಕೆಯೂ ಹೀಗೇ ಎರಡು ಪಾಲಾಯಿತು. ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ನೂರಕ್ಕೆ 72 ಮಂದಿ ಮಾಧ್ಯಮವನ್ನು ನಂಬುತ್ತೇವೆ ಎಂದಿದ್ದರು. 2024ರಲ್ಲಿ ಆ ಸಂಖ್ಯೆ 31. ಅದರಲ್ಲೂ ಡೆಮಾಕ್ರಟರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ನಂಬಿದರೆ, ರಿಪಬ್ಲಿಕನ್ನರಲ್ಲಿ ನಂಬುವವರು ನೂರಕ್ಕೆ 12 ಮಾತ್ರ.

ಹೆಜ್ಜೆ 1: ಇದು ಸುದ್ದಿಯೋ, ಅಭಿಪ್ರಾಯವೋ ನೋಡಿ

ನಮಗೆ ಬರುವ ಅಮೆರಿಕದ ವಿಡಿಯೊ ತುಣುಕುಗಳಲ್ಲಿ ಹೆಚ್ಚಿನವು ಸುದ್ದಿಯೇ ಅಲ್ಲ. ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ಬರುವ ಮಾತಿನ ಕಾರ್ಯಕ್ರಮಗಳವು. ಫಾಕ್ಸ್‌ನಲ್ಲಿ ಸಂಜೆ ಬ್ರೆಟ್ ಬೇಯರ್ ಓದುವ ಸುದ್ದಿಗೂ ರಾತ್ರಿ ಶಾನ್ ಹ್ಯಾನಿಟಿ ಆಡುವ ಮಾತಿಗೂ ಇರುವ ಅಂತರ ದೊಡ್ಡದು. ಲೋಗೊ ಮಾತ್ರ ಒಂದೇ.

ಇದನ್ನು ನಾನು ಹೇಳುವುದಕ್ಕಿಂತ ಕೋರ್ಟು ಹೇಳಿದ್ದನ್ನೇ ನೋಡಿ. ಕ್ಯಾರೆನ್ ಮೆಕ್‌ಡೂಗಲ್ ಎಂಬುವರು ಫಾಕ್ಸ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದರು. ನಿರೂಪಕ ಟಕರ್ ಕಾರ್ಲ್‌ಸನ್ ತಮ್ಮ ಮೇಲೆ ಸುಲಿಗೆಯ ಆರೋಪ ಹೊರಿಸಿದರು ಎನ್ನುವುದು ದೂರು. 2020ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಆ ಕಾರ್ಯಕ್ರಮದಲ್ಲಿ ಆಡಿದ್ದು ಉತ್ಪ್ರೇಕ್ಷೆಯ ಮಾತು, ಬುದ್ಧಿ ಇರುವ ವೀಕ್ಷಕ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ ಎಂದು ಫಾಕ್ಸ್ ವಕೀಲರೇ ವಾದಿಸಿದ್ದರು, ಕೋರ್ಟು ಒಪ್ಪಿತು.

ಇದು ಬಲಪಂಥದ ರೋಗ ಅಂದುಕೊಂಡಿರಾ? ಎಂಎಸ್ಎನ್‌ಬಿಸಿಯ ರೇಚಲ್ ಮ್ಯಾಡೋ 2019ರಲ್ಲಿ ಒಎಎನ್ ಎಂಬ ಬಲಪಂಥೀಯ ಚಾನೆಲ್ಲನ್ನು ಅಕ್ಷರಶಃ ರಷ್ಯಾದಿಂದ ದುಡ್ಡು ತಿನ್ನುವ ಪ್ರಚಾರ ಎಂಬರ್ಥದ ಮಾತಾಡಿದರು. ಒಎಎನ್ ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ ಮೇಲ್ಮನವಿ ಕೋರ್ಟೂ ಮ್ಯಾಡೋ ಪರ ನಿಂತಿತು. ಕಾರಣ ಹೆಚ್ಚುಕಡಿಮೆ ಅದೇ: ಇದು ಅಭಿಪ್ರಾಯದ ಕಾರ್ಯಕ್ರಮ, ನೋಡುವವರಿಗೆ ಅದು ಗೊತ್ತಿರುತ್ತದೆ.

ನೋಡುವವರಿಗೆ ಗೊತ್ತಿರುತ್ತದೆ ಸರಿ. ಆದರೆ ನಲವತ್ತು ಸೆಕೆಂಡಿನ ತುಣುಕಾಗಿ, ಕನ್ನಡದ ಒಕ್ಕಣೆ ಅಂಟಿಸಿಕೊಂಡು ದಾವಣಗೆರೆಗೆ ಬರುವಷ್ಟರಲ್ಲಿ ಅದು 'ಅಮೆರಿಕದ ಮಾಧ್ಯಮವೇ ಹೇಳಿದೆ' ಆಗಿಬಿಟ್ಟಿರುತ್ತದೆ.

ಪತ್ರಿಕೆಗಳಲ್ಲಿ ಗುರುತಿಸುವುದು ಸುಲಭ. ಲಿಂಕ್‌ನಲ್ಲೇ 'ಒಪಿನಿಯನ್' ಎಂಬ ಪದ ಇರುತ್ತದೆ, ಲೇಖನದ ನೆತ್ತಿಯ ಮೇಲೂ ಇರುತ್ತದೆ. ನ್ಯೂಯಾರ್ಕ್ ಟೈಮ್ಸ್ ಹೊರಗಿನವರು ಬರೆದದ್ದಕ್ಕೆ 2021ರಿಂದ 'ಗೆಸ್ಟ್ ಎಸ್ಸೇ' ಎಂದು ಹಾಕುತ್ತದೆ. ವಾಲ್ ಸ್ಟ್ರೀಟ್ ಜರ್ನಲ್‌ನ ಕಥೆ ಇನ್ನೂ ಸ್ವಾರಸ್ಯ. ಅದರ ಸುದ್ದಿ ವಿಭಾಗಕ್ಕೆ ಒಳ್ಳೆಯ ಹೆಸರಿದೆ, ಸಂಪಾದಕೀಯ ಪುಟ ಗಟ್ಟಿಯಾಗಿ ಬಲಕ್ಕಿದೆ. 2020ರಲ್ಲಿ ಅಲ್ಲಿನ 280ಕ್ಕೂ ಹೆಚ್ಚು ಸಿಬ್ಬಂದಿ, ಅಭಿಪ್ರಾಯ ಪುಟದಲ್ಲಿ ಸತ್ಯಾಂಶ ಪರೀಕ್ಷೆ ಸಾಲದು, ಸುದ್ದಿಗೂ ಅದಕ್ಕೂ ಇರುವ ಗೆರೆ ಓದುಗರಿಗೆ ಸರಿಯಾಗಿ ಕಾಣಬೇಕು ಎಂದು ಪ್ರಕಾಶಕರಿಗೇ ಪತ್ರ ಬರೆದಿದ್ದರು.

ಹೆಜ್ಜೆ 2: ಆ ಪುಟ ಬಿಟ್ಟು ಹೊರಗೆ ಬನ್ನಿ

ಗೊತ್ತಿಲ್ಲದ ವೆಬ್‌ಸೈಟ್ ಬಂದರೆ ನಾವು ಮಾಡುವುದೇನು? ಅದನ್ನೇ ಮೇಲಿಂದ ಕೆಳಗೆ ನೋಡುತ್ತೇವೆ. ಚೆನ್ನಾಗಿ ಕಾಣುತ್ತಿದೆಯಾ, 'ನಮ್ಮ ಬಗ್ಗೆ' ಪುಟ ಇದೆಯಾ, ಇಂಗ್ಲಿಷ್ ಸರಿ ಇದೆಯಾ. ಇದೇ ತಪ್ಪು ದಾರಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಇದನ್ನು ಪರೀಕ್ಷೆ ಮಾಡಿ ನೋಡಿದರು. ಪಿಎಚ್‌ಡಿ ಮಾಡಿದ ಹತ್ತು ಇತಿಹಾಸಕಾರರು, ಹತ್ತು ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, ಸ್ಟ್ಯಾನ್‌ಫರ್ಡ್‌ನದೇ 25 ವಿದ್ಯಾರ್ಥಿಗಳನ್ನು ಕೂರಿಸಿ ಕೆಲವು ಪುಟಗಳನ್ನು ಕೊಟ್ಟರು. ಅವುಗಳಲ್ಲಿ ಎರಡು ಮಕ್ಕಳ ವೈದ್ಯರ ಸಂಘಗಳವು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್. ಸಲಿಂಗಿ ದಂಪತಿ ಮಕ್ಕಳನ್ನು ದತ್ತು ತೆಗೆದುಕೊಳ್ಳುವ ಪ್ರಶ್ನೆಯಲ್ಲಿ ಭಿನ್ನಮತ ಬಂದು 2002ರಲ್ಲಿ ಹೊರಬಂದವರ ಚಿಕ್ಕ ಗುಂಪು. ಹೆಸರು ಕೇಳಿದರೆ ಎರಡೂ ಒಂದೇ ತೂಕ ಅನ್ನಿಸುತ್ತದೆ. ಪುಟವೂ ಅಷ್ಟೇ ನೀಟು.

ವಿದ್ಯಾರ್ಥಿಗಳೂ ಇತಿಹಾಸಕಾರರೂ ಪುಟದೊಳಗೇ ಕೂತು ಓದಿದರು. ಬಹಳ ಮಂದಿ ಎಡವಿದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪುಟವನ್ನು ಸರಿಯಾಗಿ ನೋಡುವ ಮೊದಲೇ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಸ್ವಲ್ಪ ಹೊತ್ತಿನಲ್ಲೇ ಯಾವುದು ಏನು ಅಂತ ಗೊತ್ತಾಯಿತು.

ನೀವೂ ಅದನ್ನೇ ಮಾಡಿ. ಸೈಟಿನ ಹೆಸರನ್ನು ನಕಲು ಮಾಡಿ ಹೊಸ ಟ್ಯಾಬ್‌ನಲ್ಲಿ ಹಾಕಿ. ವಿಕಿಪೀಡಿಯ ಪುಟ ಇದ್ದರೆ ಮೊದಲ ಪ್ಯಾರಾ ಸಾಕು. ಹೆಸರಾಂತ ಪತ್ರಿಕೆ ಅಂತ ಹೇಳಿಕೊಂಡೂ ಅದರ ಬಗ್ಗೆ ಬೇರೆ ಯಾರೂ ಏನೂ ಬರೆದಿಲ್ಲ ಅಂದರೆ ಅನುಮಾನ ಪಡಿ. 2016ರ ಚುನಾವಣೆಗೆ ಕೆಲವೇ ದಿನ ಇದ್ದಾಗ 'ಡೆನ್ವರ್ ಗಾರ್ಡಿಯನ್' ಎಂಬ ಪತ್ರಿಕೆಯ ಸುದ್ದಿಯೊಂದು ಫೇಸ್‌ಬುಕ್‌ನಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಹಿಲರಿ ಇಮೇಲ್ ಸೋರಿಕೆಯ ಶಂಕಿತ ಎಫ್‌ಬಿಐ ಏಜೆಂಟ್ ಸತ್ತುಬಿದ್ದ ಕಥೆ. ಡೆನ್ವರ್‌ನಲ್ಲಿ ಡೆನ್ವರ್ ಪೋಸ್ಟ್ ಇದೆ. ಗಾರ್ಡಿಯನ್ ಇಲ್ಲ. ಡೆನ್ವರ್ ಪೋಸ್ಟ್‌ನವರು ಆ ಸೈಟ್ ಕೊಟ್ಟಿದ್ದ ವಿಳಾಸ ಹುಡುಕಿದರೆ ಅಲ್ಲಿ ಇದ್ದದ್ದು ಪಾರ್ಕಿಂಗ್ ಜಾಗದ ಒಂದು ಮರ.

ಈಗಿನ ಆಟ ಇನ್ನೂ ನಾಜೂಕು. ಅಮೆರಿಕದಲ್ಲಿ 2005ರಿಂದೀಚೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ, ಅದರಲ್ಲೂ ಊರಿನ ವಾರಪತ್ರಿಕೆಗಳು. ಆ ಖಾಲಿ ಜಾಗಕ್ಕೆ ಊರಿನ ಪತ್ರಿಕೆಯ ಹಾಗೇ ಹೆಸರು ಇಟ್ಟುಕೊಂಡ ಸೈಟ್‌ಗಳು ಬಂದು ಕೂತಿವೆ. ಮೆಟ್ರಿಕ್ ಮೀಡಿಯಾ ಎಂಬ ಒಂದೇ ಜಾಲದಲ್ಲಿ ಸಾವಿರಕ್ಕೂ ಹೆಚ್ಚು ಇವೆ, ಬಲಕ್ಕೆ ವಾಲಿದವು. ಡೆಮಾಕ್ರಟರ ಕಡೆ ಕೊರಿಯರ್ ನ್ಯೂಸ್‌ರೂಮ್ ಎಂಬ ಜಾಲ ಇದೆ.

ಎಡ-ಬಲ ತಿಳಿಯಲು ಆಲ್‌ಸೈಡ್ಸ್, ಆ್ಯಡ್ ಫಾಂಟೆಸ್ ಎಂಬ ಎರಡು ಪಟ್ಟಿಗಳಿವೆ. ಶುರುವಿನಲ್ಲಿ ಅಂದಾಜಿಗೆ ಒಳ್ಳೆಯದು. ಆದರೆ ನಡುವೆ ಇರುವುದೆಲ್ಲ ನಿಜ, ಅಂಚಿನಲ್ಲಿರುವುದೆಲ್ಲ ಸುಳ್ಳು ಅಂತ ತಿಳಿಯಬೇಡಿ.

ಹೆಜ್ಜೆ 3: ಬೇರು ಎಲ್ಲಿದೆ ಹುಡುಕಿ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಫಲವೂ ಇಲ್ಲೇ ಜಾಸ್ತಿ.

ಹತ್ತು ಕಡೆ ಬಂದ ಮಾತ್ರಕ್ಕೆ ಹತ್ತು ಮಂದಿ ನೋಡಿದ್ದಾರೆ ಅಂತಲ್ಲ. ಒಬ್ಬರು ಬರೆದದ್ದನ್ನು ಒಂಬತ್ತು ಮಂದಿ ನಕಲು ಮಾಡಿರುತ್ತಾರೆ. ನಮ್ಮ ಪೋರ್ಟಲ್‌ಗಳಲ್ಲಿ ಬರುವ ಅಮೆರಿಕದ ಸುದ್ದಿಯೂ ಸಾಮಾನ್ಯವಾಗಿ ಯಾವುದೋ ಏಜೆನ್ಸಿಯಿಂದ, ಇಲ್ಲವೇ ಅಲ್ಲಿನ ಒಂದು ಪತ್ರಿಕೆಯಿಂದ ಬಂದಿರುತ್ತದೆ. ಸುದ್ದಿಯೊಳಗೆ 'ಎಂದು ಇಂಥ ಪತ್ರಿಕೆ ವರದಿ ಮಾಡಿದೆ' ಎಂಬ ಸಾಲು ಹುಡುಕಿ, ಅಲ್ಲಿಗೆ ಹೋಗಿ. ಅಲ್ಲಿ ಮತ್ತೆ ಯಾರ ಹೆಸರಿದೆ ನೋಡಿ. ಕೊನೆಗೆ ಸಿಗುವುದು ಒಬ್ಬ ಮನುಷ್ಯ, ಒಂದು ದಾಖಲೆ, ಅಥವಾ ಏನೂ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಹೈಟಿ ದೇಶದ ವಲಸಿಗರು ನೆರೆಯವರ ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಎಂಬ ಸುದ್ದಿ ಎದ್ದಿತು. ಸೆಪ್ಟೆಂಬರ್ 10ರಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಟೀವಿ ಚರ್ಚೆಯಲ್ಲಿ ಟ್ರಂಪ್ ಅದನ್ನು ಇಡೀ ದೇಶದ ಮುಂದೆ ಹೇಳಿದರು. ಬೇರು ಹುಡುಕಿದ ಪತ್ರಕರ್ತರಿಗೆ ಸಿಕ್ಕಿದ್ದೇನು ಗೊತ್ತಾ? ಊರಿನ ಒಂದು ಫೇಸ್‌ಬುಕ್ ಪೋಸ್ಟ್. ಬರೆದವರು ಕಣ್ಣಾರೆ ನೋಡಿರಲಿಲ್ಲ, ಪಕ್ಕದ ಮನೆಯವರು ಹೇಳಿದ್ದರು. ಪಕ್ಕದ ಮನೆಯವರೂ ನೋಡಿರಲಿಲ್ಲ, ಅವರಿಗೆ ಪರಿಚಯದವರೊಬ್ಬರು ಹೇಳಿದ್ದರು. ಊರಿನ ಪೊಲೀಸರು, ಆಡಳಿತದವರು, ರಿಪಬ್ಲಿಕನ್ ಪಕ್ಷದವರೇ ಆದ ಗವರ್ನರ್ ಮೈಕ್ ಡಿವೈನ್ ಎಲ್ಲರೂ ಇದಕ್ಕೆ ಆಧಾರ ಇಲ್ಲ ಎಂದರು. ಅಷ್ಟರಲ್ಲಿ ಆ ಊರಿನ ಶಾಲೆ, ಆಸ್ಪತ್ರೆಗಳಿಗೆ ಹುಸಿ ಬಾಂಬ್ ಬೆದರಿಕೆ ಶುರುವಾಗಿತ್ತು.

ಇನ್ನೊಂದು ಕಡೆಯದೂ ನೋಡಿ. 2017ರ ಡಿಸೆಂಬರ್ 8. ಟ್ರಂಪ್ ಮಗನಿಗೆ, ಗುಟ್ಟಿನ ದಾಖಲೆಗಳನ್ನು ಬಯಲು ಮಾಡುವ ವಿಕಿಲೀಕ್ಸ್ ತಾಣದ ಕಡತಗಳನ್ನು ನೋಡಲು ದಾರಿ ತೋರಿಸುವ ಇಮೇಲ್ 2016ರ ಸೆಪ್ಟೆಂಬರ್ 4ರಂದೇ ಬಂದಿತ್ತು, ಅಂದರೆ ಜಗತ್ತಿಗೆ ಗೊತ್ತಾಗುವ ಮುಂಚೆಯೇ ಬಂದಿತ್ತು ಅಂತ ಸಿಎನ್ಎನ್ ಹೇಳಿತು. ದೊಡ್ಡ ಬಾಂಬ್. ಸಿಬಿಎಸ್, ಎಂಎಸ್ಎನ್‌ಬಿಸಿ ಎರಡೂ ತಾವೂ ಖಚಿತಪಡಿಸಿಕೊಂಡಿದ್ದೇವೆ ಎಂದವು. ಆಮೇಲೆ ವಾಷಿಂಗ್ಟನ್ ಪೋಸ್ಟ್ ಕೈಗೆ ಆ ಇಮೇಲೇ ಸಿಕ್ಕಿತು. ದಿನಾಂಕ ಸೆಪ್ಟೆಂಬರ್ 14. ಆ ಹೊತ್ತಿಗೆ ಕಡತಗಳು ಬಹಿರಂಗವಾಗಿ ಸಿಗುತ್ತಿದ್ದವು. ಒಂದು '1' ಬಿಟ್ಟುಹೋಗಿ ಇಡೀ ಸುದ್ದಿ ಕುಸಿಯಿತು. ಸಿಎನ್ಎನ್ ವರದಿಗಾರರು ಇಮೇಲನ್ನು ಕಣ್ಣಾರೆ ನೋಡಿರಲಿಲ್ಲ. ಹೆಸರು ಹೇಳದ ಮೂಲಗಳು ಬಾಯಲ್ಲಿ ಹೇಳಿದ್ದನ್ನು ನಂಬಿದ್ದರು.

ಹಾಗಾಗಿ 'ವಿಷಯ ಬಲ್ಲ ಮೂಲಗಳ ಪ್ರಕಾರ' ಎಂಬ ಸಾಲು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಮಂದಿ ಹೇಳಿದ್ದಾರೆ? ಅವರು ಆ ಜಾಗದಲ್ಲಿ ಇದ್ದರೋ, ಯಾರಿಂದಲೋ ಕೇಳಿದರೋ? ಪತ್ರಕರ್ತ ದಾಖಲೆಯನ್ನು ನೋಡಿದ್ದಾನೆ ಎಂದು ಬರೆದಿದೆಯೋ? ಮೂರನೆಯದಕ್ಕೆ ಹೌದು ಅನ್ನುವ ಉತ್ತರ ಇದ್ದರೆ ಸುದ್ದಿಗೆ ತೂಕ ಬರುತ್ತದೆ.

ದಾಖಲೆ ನೀವೇ ನೋಡುವುದೂ ಕಷ್ಟ ಏನಲ್ಲ. ಅಧ್ಯಕ್ಷರ ಆದೇಶಗಳು ಶ್ವೇತಭವನದ ಸೈಟ್‌ನಲ್ಲಿ, ಮಸೂದೆಗಳು ಕಾಂಗ್ರೆಸ್ ಸೈಟ್‌ನಲ್ಲಿ, ತೀರ್ಪುಗಳು ಸುಪ್ರೀಂ ಕೋರ್ಟ್ ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ವೀಸಾ ವಿಷಯವಾದರೆ ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಸೈಟ್. ಭಾಷಣದ ತುಣುಕು ಬಂದರೆ ಸಿ-ಸ್ಪ್ಯಾನ್‌ನಲ್ಲಿ ಇಡೀ ಭಾಷಣ ಹುಡುಕಿ. 1979ರಿಂದ ನಡೆಯುತ್ತಿರುವ ಆ ಚಾನೆಲ್‌ನಲ್ಲಿ ಆ್ಯಂಕರ್ ಅಬ್ಬರ ಇಲ್ಲ. ಕ್ಯಾಮೆರಾ ಇಟ್ಟು ಸುಮ್ನೆ ಬಿಡುತ್ತಾರೆ. ನೋಡಲು ಬೋರು, ಕೆಲಸಕ್ಕೆ ಬಂಗಾರ.

ಹೆಜ್ಜೆ 4: ಹೆಡ್‌ಲೈನ್ ಒಂದು ಹೇಳಿದರೆ ಒಳಗೆ ಇನ್ನೊಂದು

2020ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಪೋಸ್ಟ್, ಜೋ ಬೈಡನ್ ಮಗ ಹಂಟರ್ ಬಿಟ್ಟುಹೋದ ಲ್ಯಾಪ್‌ಟಾಪ್‌ನ ಇಮೇಲ್‌ಗಳು ಎಂದು ವರದಿ ಮಾಡಿತು. ಟ್ವಿಟರ್ ಆ ಲಿಂಕನ್ನೇ ತಡೆಯಿತು. ಕೆಲ ದಿನಕ್ಕೆ ಗುಪ್ತಚರ ಸಂಸ್ಥೆಗಳ 51 ಮಾಜಿ ಅಧಿಕಾರಿಗಳು ಪತ್ರ ಬರೆದರು. ಪೊಲಿಟಿಕೊ ಎಂಬ ಸುದ್ದಿತಾಣ ಹಾಕಿದ ತಲೆಬರಹ, ಇದು ರಷ್ಯಾದ ತಪ್ಪು ಮಾಹಿತಿ ಎಂದು ಮಾಜಿ ಅಧಿಕಾರಿಗಳು ಹೇಳಿದ್ದಾರೆ ಎಂಬಂತೆ ಇತ್ತು. ಪತ್ರದಲ್ಲಿ ಇದ್ದದ್ದು ಬೇರೆ: ರಷ್ಯಾ ಕೈವಾಡದ ಲಕ್ಷಣಗಳು ಕಾಣುತ್ತಿವೆ, ಆದರೆ ನಮ್ಮ ಬಳಿ ಸಾಕ್ಷ್ಯ ಇಲ್ಲ. ಎರಡಕ್ಕೂ ಅಜಗಜಾಂತರ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ವಾಷಿಂಗ್ಟನ್ ಪೋಸ್ಟ್ ಆ ಇಮೇಲ್‌ಗಳಲ್ಲಿ ಕೆಲವು ಅಸಲಿ ಎಂದು ಪರೀಕ್ಷೆ ಮಾಡಿ ಬರೆದವು. ಹಾಗಂತ ಲ್ಯಾಪ್‌ಟಾಪ್ ಇಟ್ಟುಕೊಂಡು ಕಟ್ಟಿದ ಕಥೆಗಳೆಲ್ಲ ನಿಜವಾಗಿಬಿಡಲಿಲ್ಲ. ಇಮೇಲ್ ಅಸಲಿ ಎನ್ನುವುದು ಒಂದು ಮಾತು, ತಂದೆ ಲಂಚ ತಿಂದರು ಎನ್ನುವುದು ಇನ್ನೊಂದು.

ಕೋರ್ಟಿನ ಸುದ್ದಿಯಲ್ಲಿ ಈ ಎಡವಟ್ಟು ತುಂಬಾ. 2025ರ ಜೂನ್ 27ರಂದು ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ತಾನಾಗಿ ಬರುವ ಪೌರತ್ವಕ್ಕೆ ಮಿತಿ ಹಾಕುವ ಟ್ರಂಪ್ ಆದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಟ್ರಂಪ್ ಗೆದ್ದರು ಎಂಬ ಹೆಡ್‌ಲೈನ್ ನೋಡಿ, ಅಲ್ಲಿ ಹೆರಿಗೆಗೆ ದಿನ ಎಣಿಸುತ್ತಿದ್ದ ನಮ್ಮ ಹೆಣ್ಣುಮಕ್ಕಳೂ ಗಾಬರಿಯಾದರು. ಆ ದಿನ ಕೋರ್ಟು ತೀರ್ಮಾನ ಮಾಡಿದ್ದು ಕೆಳಗಿನ ಕೋರ್ಟುಗಳು ಇಡೀ ದೇಶಕ್ಕೆ ತಡೆಯಾಜ್ಞೆ ಕೊಡಬಹುದೇ ಎಂಬುದನ್ನು. ಪೌರತ್ವದ ಆದೇಶ ಸಂವಿಧಾನಕ್ಕೆ ಸರಿಯೇ ಎಂಬುದನ್ನು ಮುಟ್ಟಿರಲೇ ಇಲ್ಲ. ಕೋರ್ಟಿನ ಸುದ್ದಿ ಓದುವಾಗ "ಏನನ್ನು ತೀರ್ಮಾನಿಸಿಲ್ಲ?" ಎಂಬ ಪ್ಯಾರಾ ಹುಡುಕಿ. ಒಳ್ಳೆಯ ವರದಿಯಲ್ಲಿ ಅದು ಇದ್ದೇ ಇರುತ್ತದೆ, ಬಹಳ ಸಲ ಐದಾರು ಪ್ಯಾರಾ ಕೆಳಗೆ.

ಸಮೀಕ್ಷೆಗಳ ಬಗ್ಗೆ ಇಷ್ಟು ಸಾಕು: 2024ರ ಚುನಾವಣೆಗೆ ಮೂರು ದಿನ ಇದ್ದಾಗ ಅಯೋವಾದಲ್ಲಿ ಕಮಲಾ ಹ್ಯಾರಿಸ್ 3 ಅಂಕ ಮುಂದೆ ಎಂಬ ಹೆಸರಾಂತ ಸಮೀಕ್ಷೆ ಬಂತು. ಟ್ರಂಪ್ ಅಲ್ಲಿ ಸುಮಾರು 13 ಅಂಕದಿಂದ ಗೆದ್ದರು. ಒಂದೇ ಸಮೀಕ್ಷೆ ಇಟ್ಟುಕೊಂಡು ಕುಣಿಯಬೇಡಿ.

ಹೆಜ್ಜೆ 5: ಫೋಟೊ ಯಾವಾಗಿನದು?

2018ರಲ್ಲಿ ಗಡಿಯಲ್ಲಿ ತಾಯಿ-ಮಕ್ಕಳನ್ನು ಬೇರೆ ಮಾಡುವ ಟ್ರಂಪ್ ಸರ್ಕಾರದ ನೀತಿ ದೊಡ್ಡ ಸುದ್ದಿ. ನೀತಿ ನಿಜ, ಸಾವಿರಾರು ಮಕ್ಕಳು ಬೇರೆಯಾದದ್ದೂ ನಿಜ. ಆಗ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಗುಲಾಬಿ ಅಂಗಿಯ ಪುಟ್ಟ ಹುಡುಗಿ ಅಳುತ್ತಾ ಟ್ರಂಪ್ ಎದುರು ನಿಂತ ಚಿತ್ರ ಬಂತು. ಫೋಟೊ ಅಸಲಿ. ತೆಗೆದವರು ಗೆಟ್ಟಿಯ ಜಾನ್ ಮೂರ್. ಆದರೆ ಆ ಮಗುವನ್ನು ತಾಯಿಯಿಂದ ಬೇರೆ ಮಾಡಿರಲಿಲ್ಲ. ಅದೇ ವರ್ಷ, ಪಂಜರದಂಥ ಕಂಬಿಗಳ ಹಿಂದೆ ನೆಲದಲ್ಲಿ ಮಲಗಿದ ಮಕ್ಕಳ ಫೋಟೊಗಳನ್ನು ಟ್ರಂಪ್ ವಿರೋಧಿಗಳು ಹಂಚಿದರು. ಅವು 2014ರವು, ಒಬಾಮಾ ಕಾಲದವು. ನಿಜ ಇರುವ ಕಡೆಯೇ ಸುಳ್ಳು ಫೋಟೊ ಸೇರಿಕೊಂಡು, ಎದುರಾಳಿಗೆ "ಎಲ್ಲವೂ ಸುಳ್ಳು" ಎನ್ನಲು ದಾರಿ ಮಾಡಿಕೊಡುತ್ತದೆ.

ಫೋಟೊದ ಮೇಲೆ ಒತ್ತಿ ಹಿಡಿದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯ ದಿನಾಂಕ ಸಿಕ್ಕರೆ ಅಲ್ಲಿಗೆ ಮುಗಿಯಿತು. ಚಂಡಮಾರುತ ಬಂದಾಗಲೆಲ್ಲ ನೀರು ತುಂಬಿದ ರಸ್ತೆಯಲ್ಲಿ ಶಾರ್ಕ್ ಈಜುವ ಫೋಟೊ ಬರುತ್ತದಲ್ಲ, ಅದೂ ಹೀಗೇ ಸಿಕ್ಕಿಬೀಳುತ್ತದೆ.

ವಿಡಿಯೊ ಕಷ್ಟ. 2019ರಲ್ಲಿ ಡೆಮಾಕ್ರಟ್ ನಾಯಕಿ ನ್ಯಾನ್ಸಿ ಪೆಲೋಸಿ ಕುಡಿದು ಮಾತಾಡುವಂತೆ ಕಾಣುವ ವಿಡಿಯೊ ಹರಿದಾಡಿತು. ಯಾವ ದೊಡ್ಡ ತಂತ್ರವೂ ಇರಲಿಲ್ಲ, ವೇಗವನ್ನು ಮುಕ್ಕಾಲಿಗೆ ಇಳಿಸಿದ್ದರು ಅಷ್ಟೆ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಬೈಡನ್ ದನಿಯಲ್ಲಿ ಫೋನ್ ಬಂತು, ಈ ಸಲ ಮತ ಹಾಕಬೇಡಿ ಅಂತ. ಅದು ಎಐ ದನಿ. ಮಾಡಿಸಿದ ರಾಜಕೀಯ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡ ಬಿತ್ತು. ಇಂಥವನ್ನು ಕಿವಿಯಿಂದ ಪತ್ತೆ ಮಾಡಲು ಹೋಗಬೇಡಿ. ಸುದ್ದಿಸಂಸ್ಥೆಗಳಾದ ಎಪಿಯೋ ರಾಯಿಟರ್ಸೋ ಅದರ ಬಗ್ಗೆ ಬರೆದಿದೆಯಾ ನೋಡಿ.

ಹೆಜ್ಜೆ 6: ಚುನಾವಣೆ ರಾತ್ರಿ ಟೀವಿ ಆರಿಸಿ ಮಲಗಿ

ನಮಗೆ ಚುನಾವಣಾ ಆಯೋಗ ಗೊತ್ತು, ಒಂದೇ ದಿನ ಎಣಿಕೆ ಗೊತ್ತು. ಅಲ್ಲಿ ಅದಿಲ್ಲ. ಇಡೀ ದೇಶದ ಫಲಿತಾಂಶವನ್ನು ಆ ರಾತ್ರಿ ಘೋಷಿಸುವ ಸರ್ಕಾರಿ ಸಂಸ್ಥೆಯೇ ಇಲ್ಲ. ಟೀವಿಯಲ್ಲಿ ಬರುವುದು ಎಪಿ ಮತ್ತು ಚಾನೆಲ್‌ಗಳ ಲೆಕ್ಕಾಚಾರ. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ. ಪೆನ್ಸಿಲ್ವೇನಿಯಾದಂಥ ಕಡೆ ಅಂಚೆ ಮತಗಳ ಲಕೋಟೆ ತೆರೆಯುವುದೇ ಚುನಾವಣೆಯ ದಿನ ಬೆಳಗ್ಗೆ. ಹಾಗಾಗಿ ರಾತ್ರಿ ಮುಂದಿದ್ದವರು ಎರಡು ದಿನಕ್ಕೆ ಹಿಂದೆ ಬಿದ್ದರೆ ಅದು ಮೋಸ ಅಂತ ಅರ್ಥ ಅಲ್ಲ.

2020ರಲ್ಲಿ ಮಿಷಿಗನ್‌ನ ಆ್ಯಂಟ್ರಿಮ್ ಎಂಬ ಪುಟ್ಟ ಕೌಂಟಿಯಲ್ಲಿ ರಿಪಬ್ಲಿಕನ್ನರ ಭದ್ರಕೋಟೆಯಲ್ಲೇ ಬೈಡನ್ ಮುಂದಿದ್ದಾರೆ ಎಂದು ಮೊದಲು ತೋರಿಸಿತು. ಮತಪತ್ರ ಕೊನೆಯಲ್ಲಿ ಬದಲಾಗಿದ್ದು, ಕೆಲವು ಯಂತ್ರಗಳಿಗೆ ಹೊಸ ವಿವರ ತುಂಬದೇ ಬಿಟ್ಟದ್ದು ಕಾರಣ. ಬೇಗನೇ ತಿದ್ದಿದರು, ಟ್ರಂಪ್ ಗೆದ್ದಿದ್ದರು. ಡಿಸೆಂಬರ್‌ನಲ್ಲಿ ಕಾಗದದ ಮತಗಳನ್ನು ಕೈಯಲ್ಲೇ ಎಣಿಸಿದರೂ ವ್ಯತ್ಯಾಸ ಬಂದದ್ದು ಒಂದು ಡಜನ್ ಆಸುಪಾಸು. ಅಷ್ಟರಲ್ಲಿ ಡೊಮಿನಿಯನ್ ಮತಯಂತ್ರಗಳೇ ಮತ ತಿರುಗಿಸುತ್ತವೆ ಎಂಬ ಕಥೆ ದೇಶ ಸುತ್ತಿ ಬಂದಿತ್ತು. 2021ರ ಜೂನ್‌ನಲ್ಲಿ ರಿಪಬ್ಲಿಕನ್ನರದೇ ಮುಂದಾಳತ್ವದ ಮಿಷಿಗನ್ ಸೆನೆಟ್ ಸಮಿತಿ ವ್ಯಾಪಕ ಅಕ್ರಮಕ್ಕೆ ಪುರಾವೆ ಇಲ್ಲ ಎಂದು ವರದಿ ಕೊಟ್ಟಿತು. ಆ ವರದಿ ಎಷ್ಟು ಜನರ ಫೋನಿಗೆ ಬಂತು?

ಹೆಜ್ಜೆ 7: ತಪ್ಪಾದಾಗ ಏನು ಮಾಡಿದರು ನೋಡಿ

ನನಗೆ ಕೇಳಿದರೆ, ಒಂದು ಮಾಧ್ಯಮವನ್ನು ಅಳೆಯುವ ಅತಿ ಒಳ್ಳೆಯ ಅಳತೆ ಇದು.

ಡೊಮಿನಿಯನ್ ಕಂಪನಿ ಫಾಕ್ಸ್ ಮೇಲೆ ಮೊಕದ್ದಮೆ ಹೂಡಿದಾಗ ಒಳಗಿನ ಸಂದೇಶಗಳೆಲ್ಲ ಹೊರಬಂದವು. ಪರದೆಯ ಮೇಲೆ ಮತಯಂತ್ರದ ಕಥೆಗೆ ಜಾಗ ಕೊಡುತ್ತಿದ್ದ ಚಾನೆಲ್‌ನ ದೊಡ್ಡ ಮುಖಗಳು ಖಾಸಗಿಯಾಗಿ ಅದನ್ನು ನಂಬಿರಲಿಲ್ಲ. 2020ರ ನವೆಂಬರ್ 12ರಂದು ಫಾಕ್ಸ್‌ನದೇ ವರದಿಗಾರ್ತಿ ಜ್ಯಾಕಿ ಹೈನ್‌ರಿಕ್, ಡೊಮಿನಿಯನ್ ಬಗ್ಗೆ ಟ್ರಂಪ್ ಮಾಡಿದ ಟ್ವೀಟ್ ಸರಿಯಲ್ಲ ಎಂದು ಬರೆದರು. ತಮ್ಮ ಕೆಲಸ ಮಾಡಿದರು ಅಷ್ಟೆ. ಕಾರ್ಲ್‌ಸನ್ ಸಹೋದ್ಯೋಗಿಗಳಿಗೆ ಸಂದೇಶ ಕಳಿಸಿದರು: ಆಕೆಯನ್ನು ಕೆಲಸದಿಂದ ತೆಗೆಸಿ, ಕಂಪನಿಗೆ ಏಟು ಬೀಳುತ್ತಿದೆ, ಷೇರಿನ ಬೆಲೆ ಇಳಿದಿದೆ. ಅವರ ಭಯ ಸತ್ಯದ್ದಲ್ಲ, ನೋಡುಗರು ನ್ಯೂಸ್‌ಮ್ಯಾಕ್ಸ್ ಎಂಬ ಪೈಪೋಟಿ ಚಾನೆಲ್ ಕಡೆ ಹೋಗುತ್ತಾರೆ ಎಂಬುದು. 2023ರ ಏಪ್ರಿಲ್ 18ರಂದು ವಿಚಾರಣೆ ಶುರುವಾಗುವ ಹೊತ್ತಿಗೆ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪರದೆಯ ಮೇಲೆ ಕ್ಷಮೆ ಕೇಳಬೇಕೆಂಬ ಷರತ್ತು ಅದರಲ್ಲಿ ಇರಲಿಲ್ಲ. ಅಂದರೆ ಫಾಕ್ಸ್ ಮಾತ್ರ ನೋಡುವ ಮನೆಗೆ ಈ ಸುದ್ದಿ ಸರಿಯಾಗಿ ಮುಟ್ಟಿರುವುದೂ ಅನುಮಾನ.

ಎದುರಿಗೆ ಸಿಬಿಎಸ್ ಇಡಿ. 2004ರ ಸೆಪ್ಟೆಂಬರ್‌ನಲ್ಲಿ ಡ್ಯಾನ್ ರಾದರ್, ಬುಷ್ ಅವರ ಸೈನಿಕ ಸೇವೆಯ ಬಗ್ಗೆ 1970ರ ದಶಕದವು ಎನ್ನಲಾದ ಪತ್ರಗಳನ್ನು ತೋರಿಸಿದರು. ಅಕ್ಷರ ನೋಡಿದರೆ ಈಗಿನ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ ಹಾಗಿದೆ ಎಂದು ಜನ ಎತ್ತಿ ತೋರಿಸಿದರು. ಸಿಬಿಎಸ್ ಹನ್ನೆರಡು ದಿನ ಸಮರ್ಥನೆ ಮಾಡಿಕೊಂಡಿತು. ಅದು ತಪ್ಪೇ. ಆಮೇಲೆ ಒಪ್ಪಿಕೊಂಡು, ಹೊರಗಿನವರಿಂದ ತನಿಖೆ ಮಾಡಿಸಿ, ನಿರ್ಮಾಪಕಿಯನ್ನು ತೆಗೆಯಿತು. ನ್ಯೂಯಾರ್ಕ್ ಟೈಮ್ಸ್ ಕೂಡ ಇರಾಕ್ ಶಸ್ತ್ರಾಸ್ತ್ರದ ವರದಿಗಳಲ್ಲಿ ತಾನು ಸಾಕಷ್ಟು ಪರೀಕ್ಷೆ ಮಾಡಲಿಲ್ಲ ಎಂದು 2004ರ ಮೇ ತಿಂಗಳಲ್ಲಿ ಬರೆದುಕೊಂಡಿತು. ಯುದ್ಧ ಶುರುವಾಗಿ ವರ್ಷ ಕಳೆದ ಮೇಲೆ, ಒಳಪುಟದಲ್ಲಿ. ತಡವೇ. ಆದರೂ ಬರೆದರು.

ಲೇಖನದ ಕೊನೆಯಲ್ಲಿ 'ಕರೆಕ್ಷನ್' ಎಂಬ ಸಾಲು ಇದ್ದರೆ ಆ ಪತ್ರಿಕೆಯನ್ನು ಕೀಳಾಗಿ ನೋಡಬೇಡಿ. ವರ್ಷಗಟ್ಟಲೆ ಒಂದೂ ತಿದ್ದುಪಡಿ ಹಾಕದ ಸೈಟ್ ಇದೆಯಲ್ಲ, ಅದನ್ನು ಅನುಮಾನದಿಂದ ನೋಡಿ.

ಹೆಜ್ಜೆ 8: ಗ್ರೂಪಿನಲ್ಲಿ ಹೇಗೆ ಹೇಳುವುದು

ಸುಳ್ಳು ಅಂತ ಗೊತ್ತಾಯಿತು. ಕಳಿಸಿದವರು ಸೋದರಮಾವ. ಈಗ?

ಐವತ್ತು ಜನರ ಮುಂದೆ "ಫೇಕ್" ಅಂತ ಹಾಕಿದರೆ ಅವರು ಸುದ್ದಿಯನ್ನಲ್ಲ, ಮರ್ಯಾದೆಯನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಮೊದಲು ಅವರೊಬ್ಬರಿಗೇ ಬರೆಯಿರಿ. ಫ್ಯಾಕ್ಟ್‌ಚೆಕ್ ಸೈಟಿನ ಲಿಂಕ್ ಒಂದನ್ನೇ ಎಸೆಯಬೇಡಿ. ಸ್ನೋಪ್ಸ್, ಪೊಲಿಟಿಫ್ಯಾಕ್ಟ್, ಫ್ಯಾಕ್ಟ್‌ಚೆಕ್ ಡಾಟ್ ಆರ್ಗ್ ಎಲ್ಲವೂ ಕೆಲಸಕ್ಕೆ ಬರುತ್ತವೆ, ಆದರೆ ಟ್ರಂಪ್ ಅಭಿಮಾನಿ ಮಾವನಿಗೆ ಅವು 'ಆ ಕಡೆಯವು'. ಅವರ ಕಡೆಯವರೇ ಹೇಳಿದ್ದು ಸಿಕ್ಕರೆ ಅದನ್ನು ಕೊಡಿ. ಸ್ಪ್ರಿಂಗ್‌ಫೀಲ್ಡ್‌ಗೆ ರಿಪಬ್ಲಿಕನ್ ಗವರ್ನರ್, ಮಿಷಿಗನ್‌ಗೆ ರಿಪಬ್ಲಿಕನ್ ಸೆನೆಟ್ ಸಮಿತಿ. ಡೆಮಾಕ್ರಟ್ ಕಡೆ ವಾಲಿದ ಅಕ್ಕನಿಗೆ ಲ್ಯಾಪ್‌ಟಾಪ್ ವಿಷಯದಲ್ಲಿ ನ್ಯೂಯಾರ್ಕ್ ಟೈಮ್ಸ್‌ನದೇ 2022ರ ವರದಿ.

ಹೀಗೆ ಬರೆದರೆ ಸಾಕು: "ಅಕ್ಕ, ನೀನು ಕಳಿಸಿದ ಫೋಟೊ ನೋಡಿದೆ. ಇದು 2014ರದಂತೆ, ಆಗ ಬಂದ ಸುದ್ದಿ ಇಲ್ಲಿದೆ. ಗಡಿಯಲ್ಲಿ ಮಕ್ಕಳನ್ನು ಬೇರೆ ಮಾಡಿದ್ದು ನಿಜ, ಈ ಫೋಟೊ ಮಾತ್ರ ಅದರದ್ದಲ್ಲ." ನಿಜ ಇರುವಷ್ಟನ್ನು ಒಪ್ಪಿಕೊಂಡೇ ಸುಳ್ಳಿನ ಭಾಗ ತೋರಿಸಬೇಕು. ಬಹಳ ಮಂದಿ ಆಮೇಲೆ ತಾವೇ ಅಳಿಸುತ್ತಾರೆ.

"ನೀನು ಅಮೆರಿಕದಲ್ಲೇ ಇದ್ದೀಯ, ನಿಂಗೆ ಗೊತ್ತಿರ್ಬೇಕಲ್ಲ" ಅಂತ ಅಲ್ಲಿರುವ ಮಕ್ಕಳನ್ನು ಕೇಳುವುದೂ ಉಂಟು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇರುವವರಿಗೆ ಒಹಾಯೊದ ಊರಿನ ಸುದ್ದಿ ಗೊತ್ತಾಗುವುದೂ ಫೋನ್‌ನಲ್ಲೇ, ನಿಮಗೆ ಗೊತ್ತಾದ ಹಾಗೇ. ಅವರನ್ನು ಕೇಳುವುದಾದರೆ ಬೇರೆ ಪ್ರಶ್ನೆ ಕೇಳಿ: ಆ ಊರಿನ ಪತ್ರಿಕೆ ಯಾವುದು, ಅದರಲ್ಲಿ ಏನು ಬಂದಿದೆ ನೋಡಿ ಹೇಳ್ತೀಯಾ? ಸ್ಪ್ರಿಂಗ್‌ಫೀಲ್ಡ್‌ಗೆ ಅದು ಸ್ಪ್ರಿಂಗ್‌ಫೀಲ್ಡ್ ನ್ಯೂಸ್-ಸನ್. ಡೆನ್ವರ್‌ಗೆ ಡೆನ್ವರ್ ಪೋಸ್ಟ್. ವೀಸಾ ವಿಷಯವಾದರೆ ಅವರ ಕಂಪನಿಯ ವಕೀಲರಿಂದ ಬಂದ ಮೇಲ್ ಏನು ಹೇಳುತ್ತದೆ ಅಂತ ಕೇಳಿ, ಟಿಕೆಟ್ ಬುಕ್ ಮಾಡುವುದು ಆಮೇಲೆ.